ದಾಕಿನ ಚಿಕ್ಕಮಾರಯ್ಯ ಮತ್ತು ನಮ್ಮ ಕೆಂಚ

ನನ್ನ ಎಡಗೈಯ ಮೇಲೆ, ಭುಜದಿಂದ ನಾಲ್ಕು ಬೆರಳು ಕೆಳಗೆ, ಹುಣಸೆಬೀಜದಗಲದ ಎರಡು ಗುಳಿಗಳಿವೆ. ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿಸಿಕೊಂಡ ಗುರುತು. ನನ್ನ ವಯಸ್ಸಿನ ಎಷ್ಟೋ ಜನರ ಕೈಯಲ್ಲಿ ಇರುವಂಥದೇ, ತೋರಿಸಿ ಮೆರೆಯುವಂಥದೇನಲ್ಲ. ಆದರೆ ಇದನ್ನು ಹಾಕಿದವರು ಚಿಕ್ಕಮಾರಯ್ಯ. ಹಾಕುವುದಕ್ಕೆ ಅವರಿಗೆ ಏಳು ವರ್ಷ ಹಿಡಿಯಿತು. ಆ ಏಳು ವರ್ಷವೂ ಅವರನ್ನು ಅಮೃತಹಳ್ಳಿಯ ನಮ್ಮ ಮನೆಯ ಮೆಟ್ಟಿಲಿನಿಂದ ಆಚೆಗೆ ನಿಲ್ಲಿಸಿದ್ದು ಒಂದು ನಾಯಿ. ಹಾಗೆಂದೇ ನಾವೆಲ್ಲ ತಿಳಿದಿದ್ದೆವು.

ಚಿಕ್ಕಮಾರಯ್ಯ ಯಲಹಂಕದಿಂದ ಆಚೆಗಿನ ಒಂದು ಹಳ್ಳಿಯವರು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಆ ಕೇರಿಯಲ್ಲೇ ಮೊದಲನೆಯವರಾಗಿ ಲೋಯರ್ ಸೆಕೆಂಡರಿ ಪಾಸು ಮಾಡಿ, ಸರ್ಕಾರದ ಕೆಲಸಕ್ಕೆ ಸೇರಿದ್ದರು. ಕಾಗದದಲ್ಲಿ ಅವರು ವ್ಯಾಕ್ಸಿನೇಟರ್. ಜನರ ಬಾಯಲ್ಲಿ ದಾಕು ಹಾಕೋ ಮಾರ. ಇಲ್ಲಿ ನಾನು ಅವರು, ಇವರು ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಆಗ ಯಾರೂ ಅವರನ್ನು ಹಾಗೆ ಕರೆಯುತ್ತಿರಲಿಲ್ಲ, ನಾನೂ ಕರೆದವಳಲ್ಲ.

ಕುಳ್ಳಗಿನ ಆಳು. ಖಾಕಿ ಅಂಗಿ, ಖಾಕಿ ಚಡ್ಡಿ, ಒಂದು ಹಳೆಯ ಸೈಕಲ್ಲು, ಅದರ ಹಿಂದೆ ಕಟ್ಟಿದ ಒಂದು ಚರ್ಮದ ಚೀಲ. ಚೀಲದಲ್ಲಿ ಹತ್ತಿ, ಸ್ಪಿರಿಟ್ ಬಾಟಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮದ್ದಿನ ಗಾಜಿನ ಕೊಳವೆಗಳು, ಮತ್ತು ತುದಿಯಲ್ಲಿ ಸಣ್ಣ ಮುಳ್ಳುಗಳಿರುವ ಒಂದು ಬಿಲ್ಲೆ. ಮದ್ದನ್ನು ತೋಳಿಗೆ ಸವರಿ ಆ ಬಿಲ್ಲೆಯನ್ನು ಒತ್ತಿ ತಿರುಗಿಸಿದರೆ ದಾಕು ಹಾಕಿದಂತೆ. ಹೆಬ್ಬಾಳದಿಂದ ಬಾಗಲೂರಿನವರೆಗೆ, ನಡುವಿನ ಹಳ್ಳಿಗಳೆಲ್ಲ ಅವರ ಸುತ್ತು. ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ತುಳಿಯುವುದೇ ಕೆಲಸ. ತುಳಿದು ತುಳಿದು ಊರಿಗೆ ಬಂದರೆ, ಊರಿನಲ್ಲಿ ಮಕ್ಕಳೇ ಇರುತ್ತಿರಲಿಲ್ಲ.

ಯಾಕೆಂದರೆ ನಾಯಿಗಳು. ಸೈಕಲ್ಲು ಕೆರೆ ಏರಿ ಇಳಿದು ಮೊದಲ ಮನೆ ಮುಟ್ಟುವ ಹೊತ್ತಿಗೆ ಒಂದು ನಾಯಿ ಶುರು ಮಾಡುತ್ತಿತ್ತು. ಅದನ್ನು ಕೇಳಿ ಇನ್ನೊಂದು, ಆಮೇಲೆ ಬೀದಿಗೆ ಬೀದಿಯೇ. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಮಕ್ಕಳನ್ನು ಬಾಚಿಕೊಂಡು ಒಳಗೆ ಓಡುತ್ತಿದ್ದರು. ಅಟ್ಟದ ಮೇಲೆ, ಹುಲ್ಲಿನ ಬಣವೆಯ ಹಿಂದೆ, ಹಿತ್ತಿಲಿನಲ್ಲಿ ಸೌದೆಯ ಸಂದಿಯಲ್ಲಿ. ನನ್ನ ಜಾಗ ಮನೆಯ ಮೂಲೆಯಲ್ಲಿದ್ದ ರಾಗಿ ತುಂಬುವ ಮಣ್ಣಿನ ವಾಡೇವು. ಬೇಸಿಗೆಯಲ್ಲಿ ರಾಗಿ ತಳ ಕಂಡಿರುತ್ತಿದ್ದುದರಿಂದ ಆರಾಮಾಗಿ ಕೂರಬಹುದಿತ್ತು. ಸುಗ್ಗಿಯ ಕಾಲದಲ್ಲಿ ರಾಗಿಯ ಮೇಲೇ ಕುಕ್ಕರಗಾಲಲ್ಲಿ ಕೂತು, ಸೀನು ಬಂದರೆ ಮೂಗು ಹಿಂಡಿಕೊಂಡು, ನಾಯಿಗಳು ಸುಮ್ಮನಾಗುವುದನ್ನು ಕಾಯುತ್ತಿದ್ದೆ. ಚಿಕ್ಕಮಾರಯ್ಯ ಬಾಗಿಲಿನ ಮುಂದೆ ನಿಂತು ಮಕ್ಕಳಿದ್ದಾರೆಯೇ ಎಂದು ಕೇಳಿದರೆ, ಹತ್ತು ಮೊಮ್ಮಕ್ಕಳ ಅಜ್ಜಿಯೂ ನಮ್ಮನೇಲಿ ಮಕ್ಕಳೇ ಇಲ್ಲ ಅನ್ನುತ್ತಿದ್ದಳು. ಅವರು ಬಂದ ದಿನ ಊರಿಗೆ ಊರೇ ಮುದುಕರದ್ದಾಗಿಬಿಡುತ್ತಿತ್ತು.

ಅಮೃತಹಳ್ಳಿಯಲ್ಲಿ ಮೊದಲು ಬೊಗಳುತ್ತಿದ್ದುದು ನಮ್ಮ ಕೆಂಚ. ಕಂದು ಬಣ್ಣದ, ಒಂದು ಕಿವಿ ಮಡಚಿದ ಬೀದಿ ತಳಿ. ಮರಿಯಾಗಿದ್ದಾಗ ನಮ್ಮಜ್ಜಿ ಮುನಿಶಾಮಮ್ಮನ ಸೆರಗು ಹಿಡಿದು ಬಂದದ್ದು, ಆಮೇಲೆ ಅವಳ ಪಕ್ಕ ಬಿಟ್ಟು ಹೋಗಲಿಲ್ಲ. ಅಜ್ಜಿ ಬೆಳಗಿನ ಮುದ್ದೆ ಉಂಡು ಜಗಲಿಯ ಮೇಲೆ ಕೂತರೆ ಅವಳ ಕಾಲ ಬಳಿ ಅದೂ ಮಲಗುತ್ತಿತ್ತು. ಅದು ಜನ ನೋಡಿ ಬೊಗಳುವ ನಾಯಿ ಎಂದು ಅಜ್ಜಿಗೆ ಬಲು ಹೆಮ್ಮೆ.

"ನಮ್ಮ ಕೆಂಚನ ಮೂಗು ಸುಳ್ಳೇಳಲ್ಲ. ಕೆಟ್ಟೋರು ಬಂದ್ರೆ ಬೊಗಳ್ತಾನೆ, ಒಳ್ಳೇರು ಬಂದ್ರೆ ಬಾಲ ಆಡಿಸ್ತಾನೆ," ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಊರು ನಂಬಿತು. ಹೊಸ ಆಳನ್ನು ಇಟ್ಟುಕೊಳ್ಳುವವರು ಒಂದು ಸಲ ನಮ್ಮ ಜಗಲಿಯ ಮುಂದೆ ಅವನನ್ನು ನಡೆಸಿಕೊಂಡು ಹೋಗುತ್ತಿದ್ದರು. ಹಿಂದಿನ ಬೀದಿಯ ಸುಬ್ಬಮ್ಮ ಮಗಳನ್ನು ನೋಡಲು ಬಂದ ಗಂಡನ್ನು ನೆಟ್ಟಗೆ ಮನೆಗೆ ಕರೆದುಕೊಂಡು ಹೋಗದೆ, ಬೇಕೆಂದೇ ಸುತ್ತು ಹಾಕಿಸಿ ನಮ್ಮ ಬೀದಿಯಲ್ಲಿ ಕರೆತಂದಳು. ಕೆಂಚ ಕಣ್ಣನ್ನೂ ತೆರೆಯಲಿಲ್ಲ. ಮದುವೆ ಆಯಿತು. ಗಂಡು ಶುದ್ಧ ಕುಡುಕ ಎಂದು ಮೂರು ತಿಂಗಳಿಗೆ ಗೊತ್ತಾಯಿತು. ಸುಬ್ಬಮ್ಮ ಬಂದು ಜಗಳ ತೆಗೆದರೆ ಅಜ್ಜಿ, "ಕುಡ್ದಿದ್ದಾಗ ಕರ್ಕಂಡ್ ಬಂದಿದ್ರೆ ಬೊಗಳ್ತಿದ್ದ, ಅವತ್ತು ಅವನು ಕುಡ್ದಿರ್ಲಿಲ್ಲ," ಅಂದಳು. ಕೆಂಚನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು.

ಕೆಂಚ ಯಾರಿಗೆ ಬೊಗಳುತ್ತಿತ್ತು ಎಂಬುದನ್ನು ಈಗ ನೆನೆಸಿಕೊಂಡರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಹುಣಸೆ ಮರಗಳನ್ನು ಗುತ್ತಿಗೆಗೆ ಹಿಡಿಯಲು ವರ್ಷಕ್ಕೊಮ್ಮೆ ಬರುತ್ತಿದ್ದ ಮೊಹಮ್ಮದ್ ಸಾಹೇಬರಿಗೆ ಬೊಗಳುತ್ತಿತ್ತು. ಊರಾಚೆಯ ಕೇರಿಯಿಂದ ನಮ್ಮ ಹೊಲಕ್ಕೆ ದಿನಾ ಬರುತ್ತಿದ್ದ ಆಳುಗಳಿಗೆ ದಿನಾ ಬೊಗಳುತ್ತಿತ್ತು. ನಾಯಿ ಗುರುತಿಲ್ಲದವರಿಗೆ ಬೊಗಳುತ್ತದೆ ಎನ್ನುತ್ತಾರೆ. ಏಳು ವರ್ಷ ದಿನಾ ಕಂಡ ಮುಖ ಯಾವ ನಾಯಿಗೆ ಗುರುತಿಲ್ಲ? ಅದೇ ಒಂದು ಸಲ ಬೆಂಗಳೂರಿನಿಂದ ಯಾರೋ ಜಮೀನಿನ ವಿಚಾರಕ್ಕೆ ಕರಿ ಕೋಟು, ಬೂಟು ಹಾಕಿಕೊಂಡು ಬಂದರು. ಹುಟ್ಟಿದಾರಭ್ಯ ಕೆಂಚ ಅಂಥ ಪ್ರಾಣಿಯನ್ನು ಕಂಡಿರಲಿಲ್ಲ. ಬೂಟು ಮೂಸಿ, ಬಾಲ ಆಡಿಸಿ, ಹೋಗಿ ಮಲಗಿತು. ಜಕ್ಕೂರಿನಿಂದ ಹಾರಿ ತಲೆಯ ಮೇಲೆ ಗಿರಕಿ ಹೊಡೆಯುತ್ತಿದ್ದ ವಿಮಾನಗಳಿಗೂ ಬೊಗಳುತ್ತಿರಲಿಲ್ಲ. ಅಜ್ಜಿ ವಿಮಾನಗಳನ್ನು ತಲೆಯೆತ್ತಿ ನೋಡುತ್ತಿರಲಿಲ್ಲ.

ಚಿಕ್ಕಮಾರಯ್ಯ ನಾಯಿಗಳ ಮನಸ್ಸು ಗೆಲ್ಲಲು ಮಾಡದ ಕಸರತ್ತಿಲ್ಲ. ಇದನ್ನೆಲ್ಲ ಅವರೇ ಮುಂದೊಂದು ಕಾಲಕ್ಕೆ, ನಮ್ಮ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದ್ದು. ಮೊದಲು ಜೇಬಿನಲ್ಲಿ ಮುದ್ದೆಯ ಚೂರು ಇಟ್ಟುಕೊಂಡು ಬಂದರು. ನಾಯಿಗಳು ತಿಂದವು, ಬಾಯಿ ನೆಕ್ಕಿಕೊಂಡವು, ಆಮೇಲೆ ಬೊಗಳಿದವು. ಸ್ಪಿರಿಟ್ಟಿನ ವಾಸನೆ ಇರಬೇಕು ಎಂದುಕೊಂಡು ಚೀಲವನ್ನು ಊರ ಹೊರಗಿನ ಆಲದ ಮರದ ಬುಡದಲ್ಲಿಟ್ಟು, ಕೆರೆಯಲ್ಲಿ ಕೈಕಾಲು ತೊಳೆದು ಬಂದರು. ಬೊಗಳಿದವು. ಸೈಕಲ್ಲು ಬಿಟ್ಟು ನಡೆದು ಬಂದರು. ಖಾಕಿ ಬಿಟ್ಟು ಬಿಳಿ ಪಂಚೆ ಉಟ್ಟು ಬಂದರು. ಪಂಚೆಯಲ್ಲಿ ಬಂದ ದಿನ ಕೋಗಿಲು ಊರಿನ ಒಂದು ನಾಯಿ ಆ ಪಂಚೆಯನ್ನೇ ಹರಿಯಿತು.

ಅವರ ಮೇಲಿನವರು ಹೆಲ್ತ್ ಇನ್ಸ್‌ಪೆಕ್ಟರ್ ಕೃಷ್ಣಯ್ಯನವರು. ಮಲ್ಲೇಶ್ವರದವರು, ಒಳ್ಳೆಯವರು, ಮಾತು ಜಾಸ್ತಿ. ಒಂದು ದಿನ ಚಿಕ್ಕಮಾರಯ್ಯ ಅವರ ಹತ್ತಿರ ಈ ಗೋಳು ತೋಡಿಕೊಂಡರು.

"ಅಲ್ರೀ ಚಿಕ್ಕಮಾರಯ್ಯ, ನೀವು ಹೆದರ್ತೀರಿ, ಅದಕ್ಕೆ ಬೊಗಳುತ್ತವೆ. ಹೆದರಿಕೆ ನಾಯಿಗೆ ಗೊತ್ತಾಗುತ್ತೆ ಕಣ್ರೀ. ನನ್ನ ನೋಡಿ, ಎದೆ ಕೊಟ್ಟು ನಡೀತೀನಿ," ಎಂದು ಕೃಷ್ಣಯ್ಯನವರು ಚರ್ಮದ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ಅಮೃತಹಳ್ಳಿಗೆ ಬಂದರು. ಅವರದ್ದೂ ಖಾಕಿಯೇ. ಚೀಲದಲ್ಲಿ ಸ್ಪಿರಿಟ್ಟು ಸೋರಿ ಬೀದಿಯೆಲ್ಲ ವಾಸನೆ. ಕೆಂಚ ಬೊಗಳಲಿಲ್ಲ. "ಬನ್ನಿ ಸ್ವಾಮಿ, ಬನ್ನಿ," ಎಂದು ಅಜ್ಜಿ ಎದ್ದು ಜಗಲಿ ಗುಡಿಸಿದಳು. ಅದಾದ ಐದು ನಿಮಿಷಕ್ಕೆ ಚಿಕ್ಕಮಾರಯ್ಯ ಬರಿಗೈಯಲ್ಲಿ ಹಿಂದೆ ಬಂದರು. ಕೆಂಚ ಸರಪಳಿ ಕಿತ್ತುಕೊಂಡಂತೆ ಎಗರಿತು. ಸರಪಳಿ ಅದಕ್ಕೆ ಇರಲೇ ಇಲ್ಲ.

ದೂರದಲ್ಲಿ ನಿಂತ ಚಿಕ್ಕಮಾರಯ್ಯನವರಿಗೆ ಅವತ್ತು ಒಂದು ಸಂಗತಿ ಕಿವಿಗೆ ಬಿತ್ತು. ಅದಕ್ಕೆ ಮುಂಚೆಯೂ ಒಂದು ಸಲ, ಅಜ್ಜಿ ಕಣದ ಹತ್ತಿರ ಹೋಗಿದ್ದಾಗ ಅವರು ಬಂದಿದ್ದರಂತೆ. ಆಗ ಕೆಂಚ ಒಂಟಿಯಾಗಿ ಜಗಲಿಯ ಮೇಲೆ ಮಲಗಿತ್ತು. ತಲೆ ಎತ್ತಿ ಅವರನ್ನು ನೋಡಿ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು, ಮತ್ತೆ ಮಲಗಿತು. ಅದು ಹೇಗೆ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಈಗ ಎರಡನ್ನೂ ಜೋಡಿಸಿ ನೋಡಿದರು. ಕೆಂಚ ಬೊಗಳುವ ಮುಂಚೆ, ಒಂದೇ ಒಂದು ಉಸಿರಿನಷ್ಟು ಮುಂಚೆ, ಅಜ್ಜಿ ಒಂದು ಮಾತು ಆಡುತ್ತಿದ್ದಳು.

"ಏಯ್ ಕೆಂಚಾ, ಸುಮ್ಕಿರೋ!"

ಆ ಮಾತು ಬರುವವರೆಗೆ ನಾಯಿ ಸುಮ್ಮನೇ ಇರುತ್ತಿತ್ತು. ಬೇಡದವರು ಯಾರಾದರೂ ಬೀದಿಯ ತಿರುವಿನಲ್ಲಿ ಕಂಡರೆ ಅದು ಬೊಗಳೀತೆಂದು ಅಜ್ಜಿ ಮುಂದಾಗಿಯೇ ಗದರಿಸುತ್ತಿದ್ದಳು. ಮರಿಯಾಗಿದ್ದಾಗಿನಿಂದ ಕೇಳಿದ ಮಾತು. ಸುಮ್ಕಿರು ಎಂದರೆ ಯಾರೋ ಬೇಡದವರು ಬಂದರು, ಏಳು, ಬೊಗಳು ಎಂದೇ ಅದು ಕಲಿತಿತ್ತು. ಕರಿ ಕೋಟಿನವರು ಬಂದಾಗ, ಕೃಷ್ಣಯ್ಯನವರು ಬಂದಾಗ ಅಜ್ಜಿ ಆ ಮಾತು ಆಡುತ್ತಿರಲಿಲ್ಲ. ಅಂಥವರಿಗೆ ಕೆಂಚ ಬೊಗಳೀತೆಂಬ ಯೋಚನೆಯೇ ಅವಳಿಗೆ ಬರುತ್ತಿರಲಿಲ್ಲ.

ಆಮೇಲೆ ಚಿಕ್ಕಮಾರಯ್ಯ ಹೋದ ಹೋದ ಊರಿನಲ್ಲಿ ನಾಯಿ ನೋಡುವುದನ್ನು ಬಿಟ್ಟು ನಾಯಿಯ ಯಜಮಾನರನ್ನು ನೋಡತೊಡಗಿದರು. ಒಬ್ಬ ಜಗಲಿಯ ಮೇಲಿಂದ ಕಾಲು ಕೆಳಗೆ ಇಳಿಬಿಡುತ್ತಿದ್ದ, ನಾಯಿ ಏಳುತ್ತಿತ್ತು. ಒಬ್ಬಳು ಒಣಹಾಕಿದ್ದ ಬಟ್ಟೆ ಎಳೆದುಕೊಳ್ಳುತ್ತಿದ್ದಳು, ನಾಯಿ ಗುರ್ ಅನ್ನುತ್ತಿತ್ತು. ಎಲ್ಲ ನಾಯಿಗಳೂ ಹೀಗೆಯೇ ಎಂದು ಅವರು ಹೇಳಲಿಲ್ಲ. ಕೆಲವು ಸುಮ್ಮಸುಮ್ಮನೆ ಬೊಗಳುವ ತಿಕ್ಕಲು ನಾಯಿಗಳೂ ಇದ್ದವು. ಆದರೆ ಹತ್ತರಲ್ಲಿ ಏಳೆಂಟು ಮೊದಲು ಮನೆಯವರ ಮುಖ ನೋಡಿ, ಆಮೇಲೆ ಇವರ ಕಡೆ ತಿರುಗುತ್ತಿದ್ದವು.

"ಇದನ್ನ ನಮ್ಮಜ್ಜಿಗೆ ಆಗ್ಲೇ ಯಾಕೆ ಹೇಳಲಿಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಏಳಿದ್ರೆ ಯಾರು ನಂಬ್ತಾರೆ ಪುಟ್ಟವ್ವ? ನಾಯಿ ಮೇಲೆ ಚಾಡಿ ಏಳಕ್ಕೆ ಬಂದವ್ನೆ ಅಂತಿದ್ರು," ಅಂದರು.

ಹೇಳಲೇಬೇಕಾದ ದಿನ ಐವತ್ತೆಂಟನೆಯ ಇಸವಿಯಲ್ಲಿ ಬಂತು. ಅವರೆಕಾಯಿಯ ಕಾಲ. ನನಗೆ ಹತ್ತು ವರ್ಷ, ತಮ್ಮ ಚನ್ನಕೇಶವನಿಗೆ ಎಂಟು ತಿಂಗಳು. ಮೂರು ಹೆಣ್ಣು ಕಳೆದುಕೊಂಡ ಮೇಲೆ ನಮ್ಮಮ್ಮ ಲಕ್ಕಮ್ಮನಿಗೆ ಹುಟ್ಟಿದ ಗಂಡು. ಅವನನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಬಾಗಲೂರಿನಿಂದ ಅಜ್ಜಿಯ ತಮ್ಮ ಪಿಳ್ಳಣ್ಣತಾತ ಒಂದು ಮೂಟೆ ಅವರೆಕಾಯಿ ಹೊತ್ತು ಬಂದ. ಕೆಂಚ ಬೀದಿಯ ತುದಿಯವರೆಗೂ ಓಡಿ ಹೋಗಿ, ಅವನ ಎದೆಯವರೆಗೆ ಎಗರಿ, ಕೈ ನೆಕ್ಕಿ ಕರೆದುಕೊಂಡು ಬಂತು. ತಾತನಿಗೆ ಮೈಕೈ ನೋವು, ಸ್ವಲ್ಪ ಜ್ವರ. ನಡೆದ ಆಯಾಸ ಎಂದುಕೊಂಡರು. ಒಲೆಯ ಮುಂದೆ ಕೂತು, ಮಗುವನ್ನು ತೊಡೆಯ ಮೇಲೆ ಆಡಿಸಿಕೊಂಡು, ಅವರೆಕಾಳಿನ ಸಾರು ಉಂಡ. ಬುಧವಾರ ಬೆಳಿಗ್ಗೆ ಅವನ ಹಣೆಯ ಮೇಲೆ, ಮೊಣಕೈಯ ಮೇಲೆ ಗುಳ್ಳೆಗಳು ಎದ್ದಿದ್ದವು.

ಅಜ್ಜಿ ಬಾಯಿ ಬಿಡಲಿಲ್ಲ. ತಾತನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಸಿಡುಬಿನ ಅಮ್ಮ ಬಂದಿದ್ದಾಳೆ, ಯಾರಿಗೂ ಹೇಳಬೇಡಿ ಎಂದು ನಮಗೆಲ್ಲ ಕಟ್ಟಪ್ಪಣೆ ಮಾಡಿದಳು. ಅಪ್ಪ ಅವಳ ಮಾತು ಮೀರಿದವರಲ್ಲ.

ಗುರುವಾರ ಬೆಳಿಗ್ಗೆ ಚಿಕ್ಕಮಾರಯ್ಯ ಬಂದರು. ಬಾಗಲೂರಿನ ಒಂದು ಬೀದಿಯಲ್ಲಿ ಸಿಡುಬು ಎದ್ದಿತ್ತು. ಆ ಬೀದಿಯಿಂದ ಯಾರು ಯಾರು ಎಲ್ಲೆಲ್ಲಿಗೆ ಹೋಗಿದ್ದಾರೆ ಎಂದು ಕೇಳಿಕೊಂಡು ಅವರು ಬಂದಿದ್ದರು. ಅಜ್ಜಿ ಸುಮ್ಕಿರೋ ಅಂದಳು, ಕೆಂಚ ಎಗರಿತು, ನಾನು ತಮ್ಮನನ್ನು ಎತ್ತಿಕೊಂಡು ವಾಡೇವಿಗೆ ಇಳಿದೆ. ಮಗು ಚೀರತೊಡಗಿತು. ವಾಡೇವಿನಲ್ಲಿ ಚೀರಿದರೆ ಇನ್ನೂ ಜೋರಾಗಿ ಕೇಳಿಸುತ್ತದೆ.

"ಅವ್ವಾ, ಮಗ ಅಳ್ತಾ ಅದೆ," ಅಂದರು ಚಿಕ್ಕಮಾರಯ್ಯ ಹೊರಗಿನಿಂದ.

"ಬೆಕ್ಕು," ಅಂದಳು ಅಜ್ಜಿ.

"ತಾಯಿ, ಪಿಳ್ಳಣ್ಣ ಇಲ್ಲಿಗೆ ಬಂದಿರೋದು ನನಗೆ ಗೊತ್ತು. ಒಳಬಾಗ್ಲಲ್ಲಿ ಬೇವು ಕಾಣ್ತಾ ಅದೆ. ಸೋಂಕು ತಗುಲಿ ಮೂರ್ನಾಕು ದಿನದೊಳಗೆ ದಾಕು ಆಕುದ್ರೆ ಮಗ ಉಳ್ಕತದೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ. ಅವನು ಬಂದಿದ್ದು ಯಾವಾಗ?"

"ಸೋಮವಾರ," ಎಂದು ಒಳಗಿನಿಂದ ಅಂದದ್ದು ನಮ್ಮಮ್ಮ. ಅಜ್ಜಿ ತಿರುಗಿ ನೋಡಿದಳು. ಅಮ್ಮ ಬಾಗಿಲಿನ ಹಿಂದೆ ಸರಿದಳು.

ಅಜ್ಜಿಗೆ ರೇಗಿತು. "ನಮ್ಮ ಕೆಂಚ ನಿನ್ನ ಕಂಡ್ರೆ ಇಂಗಾಡ್ತಾನೆ. ಏಳು ವರ್ಷದಿಂದ ಆಡ್ತಾವ್ನೆ. ಅಂತಾವನ ಕೈಗೆ ನನ್ನ ಮೊಮ್ಮಗನ್ನ ಕೊಡ್ಲಾ? ಓಗೋ ಅತ್ಲಾಗೆ!"

ಚಿಕ್ಕಮಾರಯ್ಯ ಬಲವಂತ ಮಾಡಬಹುದಿತ್ತು. ಕೃಷ್ಣಯ್ಯನವರನ್ನು, ಪೊಲೀಸಿನವರನ್ನು ಕರೆತರಬಹುದಿತ್ತು. ಹಾಗೆ ಮಾಡಿದ ಕಡೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಇನ್ನೊಂದು ಊರಿಗೆ ಓಡಿ, ರೋಗವನ್ನೂ ಜೊತೆಗೆ ಒಯ್ದದ್ದನ್ನು ಅವರು ಕಂಡಿದ್ದರು. ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೆಂಚ ಬೊಗಳಿ ಸುಸ್ತಾಗುವವರೆಗೆ ನಿಂತರು. ಆಮೇಲೆ ಹೇಳಿದರು.

"ಅವ್ವಾ, ಕೆಂಚ ನನ್ನ ನೋಡಿ ಬೊಗಳಲ್ಲ. ನೀವು ಸುಮ್ಕಿರು ಅಂತೀರಲ್ಲ, ಅದನ್ನ ಕೇಳಿ ಬೊಗಳ್ತಾನೆ."

"ಏನಂದೆ?"

"ನಾಳೆ ಒತ್ತಾರೆ ಬರ್ತೀನಿ. ನೀವು ಇಲ್ಲೇ ಕುಂತಿರಿ. ಒಂದು ಮಾತೂ ಆಡ್ಬೇಡಿ, ಕೈ ಎತ್ಬೇಡಿ. ಕೆಂಚ ತಾನಾಗೇ ಬೊಗಳಿದ್ರೆ ಅಲ್ಲಿಂದ್ಲೇ ವಾಪಸ್ ಓಯ್ತೀನಿ. ಈ ಬೀದಿಗೆ ಮತ್ತೆ ಕಾಲಿಕ್ಕಲ್ಲ. ಬೊಗಳ್ದೇ ಇದ್ರೆ ಮಗಿಗೆ ದಾಕು ಆಕುಸ್ಬೇಕು."

ಅಜ್ಜಿ ನಕ್ಕಳು. ಅವಳಿಗೆ ಕೆಂಚನ ಮೇಲೆ ಅಷ್ಟು ನಂಬಿಕೆ. "ಆಗ್ಲಿ ಓಗು," ಅಂದಳು.

ಒಂದು ಕೂಸಿನ ಜೀವವನ್ನು ಒಂದು ನಾಯಿಯ ಬಾಯಿಗೆ ಇಟ್ಟ ಹಾಗಾಯಿತಲ್ಲ, ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ. "ಧೈರ್ಯ ಎಲ್ಲಿತ್ತವ್ವ? ಏಳು ವರ್ಷದ ಅಭ್ಯಾಸ. ಮಾತಿಲ್ದೇನೂ ಬೊಗಳಿಬಿಟ್ರೆ ಅಂತ ನನಗೇ ದಿಗಿಲು. ಬೊಗಳಿದ್ರೆ ಮಾತು ತಪ್ಪಿ ಪೊಲೀಸ್ನೋರ್ನ ಕರ್ಕಂಡ್ ಬರ್ತಿದ್ದೆ," ಅಂದರು. ಅವರು ಅಷ್ಟು ಸಾಚಾ ಮನುಷ್ಯ ಅಲ್ಲ ಎಂದು ತಿಳಿದು ನನಗೆ ಸಂತೋಷವಾಯಿತು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಜಗಲಿಯ ಮೇಲೆ ಕೂತಳು. ಹಿಂದಿನ ಕೋಣೆಯಲ್ಲಿ ತಾತನಿಗೆ ಮುಖ ತುಂಬಿ ಕಣ್ಣು ಮುಚ್ಚಿಹೋಗಿತ್ತು, ನೀರು ನೀರು ಎಂದು ನರಳುತ್ತಿದ್ದ. ಅಮ್ಮ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ಮದುವೆಯಾಗಿ ಬಂದ ಮೇಲೆ ಅತ್ತೆಯ ಎದುರು ಅವಳು ಎತ್ತಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವತ್ತು ಆಡಿದಳು.

"ಅತ್ತೆ, ಇದೊಂದ್ಸಲ ಬಾಯ್ ಮುಚ್ಕಂಡಿರಿ."

ಅಜ್ಜಿ ಸಂಚಿಯಿಂದ ಎಲೆ ಅಡಿಕೆ ತೆಗೆದು, ಎರಡು ಎಲೆಯ ಬದಲು ನಾಲ್ಕು ಎಲೆ ಮಡಚಿ ಬಾಯಿಗೆ ತುರುಕಿಕೊಂಡಳು.

ಚಿಕ್ಕಮಾರಯ್ಯ ಬೀದಿಯ ತಿರುವಿನಲ್ಲಿ ಕಂಡರು. ಖಾಕಿ ಚಡ್ಡಿ, ಚೀಲ, ಸೈಕಲ್ಲು, ಎಲ್ಲವೂ ಇತ್ತು. ಏನನ್ನೂ ಬಿಟ್ಟು ಬಂದಿರಲಿಲ್ಲ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬಂದರು. ಕೆಂಚ ತಲೆ ಎತ್ತಿತು. ಅವರನ್ನು ನೋಡಿತು. ಆಮೇಲೆ ತಿರುಗಿ ಅಜ್ಜಿಯ ಮುಖ ನೋಡಿತು. ಅಜ್ಜಿಯ ಕೆನ್ನೆ ಅಲ್ಲಾಡುತ್ತಿತ್ತು, ಗಂಟಲಿನಲ್ಲಿ ಏನೋ ಮೇಲೆ ಬಂದು ಕೆಳಗೆ ಹೋದದ್ದು ನನಗೆ ಕಂಡಿತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಏಳು ವರ್ಷ ಅದನ್ನು ಆಡುತ್ತಿದ್ದೇನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ, ಈಗ ತಡೆಯಬೇಕಾದಾಗ ಗೊತ್ತಾಯಿತು. ಕೆಂಚ ಎದ್ದು ನಿಂತಿತು. ಮತ್ತೆ ಅವರನ್ನು ನೋಡಿತು, ಮತ್ತೆ ಅಜ್ಜಿಯನ್ನು ನೋಡಿತು. ಅಜ್ಜಿ ಎರಡು ಕೈಯಲ್ಲೂ ಜಗಲಿಯ ಅಂಚನ್ನು ಹಿಡಿದುಕೊಂಡಿದ್ದಳು. ಅಮ್ಮನ ತೋಳಿನಲ್ಲಿ ಚನ್ನ ಏನೋ ಗೊಣಗಿದ.

ಕೆಂಚ ಕೂತಿತು. ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು. ಆಮೇಲೆ ಮಲಗಿತು.

ಚಿಕ್ಕಮಾರಯ್ಯ ಮೆಟ್ಟಿಲಿನವರೆಗೆ ಬಂದು ಅಲ್ಲೇ ನಿಂತುಬಿಟ್ಟರು. ಕಾಲು ಎತ್ತಲಿಲ್ಲ. ನಾಯಿ ಬೊಗಳುವುದು, ತಾವು ನಿಲ್ಲುವುದು, ಅದು ಸುಸ್ತಾಗುವುದು, ಮನೆಯವರು ಇಲ್ಲ ಅನ್ನುವುದು, ತಾವು ಹಿಂದಿರುಗುವುದು, ಇಷ್ಟು ಅವರಿಗೆ ಗೊತ್ತಿತ್ತು. ಬೊಗಳದ ಮನೆಗೆ ಹೇಗೆ ಹೋಗಬೇಕು ಎಂದು ಗೊತ್ತಿರಲಿಲ್ಲ.

ಅಜ್ಜಿ ಎದ್ದು ಬೀದಿಗೆ ಎಲೆಯ ರಸ ಉಗಿದಳು. "ನಿಂತ್ಕಂಡೆ ಯಾಕಪ್ಪ? ಬಾ, ಆಕು," ಅಂದಳು. ಅವಳ ಬಾಯಲ್ಲಿ ಅವರಿಗೆ ಅಪ್ಪ ಎಂಬ ಮಾತು ಬಂದದ್ದು ಅದೇ ಮೊದಲು.

ಅಂಗಳದಲ್ಲೇ ಚನ್ನನಿಗೆ ಹಾಕಿದರು, ನನಗೆ ಹಾಕಿದರು, ಅಮ್ಮನಿಗೆ, ಅಪ್ಪನಿಗೆ ಹಾಕಿದರು. ಕೊನೆಗೆ ಅಜ್ಜಿಯೂ ತೋಳು ಚಾಚಿದಳು. ಮಧ್ಯಾಹ್ನದೊಳಗೆ ಬೀದಿಯ ಮಕ್ಕಳೆಲ್ಲ ಅಟ್ಟದಿಂದ, ಬಣವೆಯಿಂದ ಇಳಿದು ಬಂದರು. ಮುನಿಶಾಮಮ್ಮನ ಕೆಂಚ ಬೊಗಳಲಿಲ್ಲ ಎನ್ನುವುದೇ ಅವರ ತಾಯಂದಿರಿಗೆ ಸಾಕಾಗಿತ್ತು. ಅದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಚನ್ನನಿಗೆ ತೋಳು ಊದಿ ನಾಲ್ಕು ದಿನ ಜ್ವರ ಬಂತು. ಎರಡು ವಾರ ಕಳೆದ ಮೇಲೆ ಮೈಮೇಲೆ ಹತ್ತಿಪ್ಪತ್ತು ಗುಳ್ಳೆ ಎದ್ದು ಒಣಗಿದವು. ಉಳಿದ. ಪಿಳ್ಳಣ್ಣತಾತ ಹನ್ನೊಂದನೆಯ ದಿನ ತೀರಿಕೊಂಡ. ಅಷ್ಟು ದಿನವೂ ರಾತ್ರಿ ಹೊತ್ತು ಕೆಂಚ ಅವನ ಕೋಣೆಯ ಬಾಗಿಲು ಬಿಟ್ಟು ಕದಲಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಅಜ್ಜಿ ಕೆಂಚನಿಗೆ ಮುದ್ದೆ ಹಾಕುತ್ತಾ ಒಮ್ಮೆ ನಿಂತಳು.

"ಕೆಂಚ ಪಿಳ್ಳನ್ನ ಕಂಡು ಬಾಲ ಆಡ್ಸಿದ ಕಣೇ ಲಕ್ಕಿ," ಅಂದಳು. ಆ ವಿಷಯವಾಗಿ ಅವಳು ಆಡಿದ್ದು ಅಷ್ಟೇ. ಜನ ನೋಡಿ ಬೊಗಳುವ ನಾಯಿ ಎಂದು ಮತ್ತೆ ಯಾರಿಗೂ ಹೇಳಲಿಲ್ಲ.

ಆಮೇಲೆ ಚಿಕ್ಕಮಾರಯ್ಯ ವರ್ಷಕ್ಕೆರಡು ಸಲ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತು, ಚನ್ನನ ತೋಳು ನೋಡಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಜಗಲಿಯ ಮೇಲೆ ಕೂರು ಎಂದು ಅಜ್ಜಿ ಹೇಳಲಿಲ್ಲ, ಅವರೂ ಏರಲಿಲ್ಲ. ಮಜ್ಜಿಗೆಗೆ ಬೇರೆ ಲೋಟ ಇತ್ತು, ಅದನ್ನು ಅವರೇ ತೊಳೆದಿಡುತ್ತಿದ್ದರು. ಕೆಂಚ ಅವರ ಕಾಲ ಹತ್ತಿರ ಮಲಗುತ್ತಿತ್ತು. ಅಜ್ಜಿ ಕಲಿತದ್ದಕ್ಕಿಂತ ನಾಯಿ ಕಲಿತದ್ದು ಹೆಚ್ಚು ಎಂದು ನಾನು ಮನಸ್ಸಿನಲ್ಲಿ ಅಜ್ಜಿಯನ್ನು ಆಡಿಕೊಳ್ಳುತ್ತಿದ್ದೆ. ಹದಿನಾಲ್ಕು ಹದಿನೈದರ ಹುಡುಗಿ, ಸ್ಕೂಲಿಗೆ ಹೋಗುತ್ತಿದ್ದೆ, ನನಗೆಲ್ಲ ಗೊತ್ತಿದೆ ಅಂದುಕೊಂಡಿದ್ದೆ.

ಅರವತ್ತಾರರಲ್ಲಿ ನನ್ನ ಮದುವೆಯಾಯಿತು. ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು, ಯಶವಂತಪುರದಲ್ಲಿ ಸ್ಟೇಷನ್ನಿನ ಹತ್ತಿರ ಮನೆ. ಮನೆಯ ಮುಂದೆ ಮೊಣಕಾಲೆತ್ತರದ ಗೇಟು, ಎರಡು ಕನಕಾಂಬರದ ಗಿಡ. ಯಾರೋ ಗಾರ್ಡು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಟಾಮಿ ಎಂಬ ನಾಯಿ ನಮ್ಮ ಪಾಲಿಗೆ ಬಂದಿತ್ತು.

ಅರವತ್ತೆಂಟರ ಒಂದು ಬೆಳಿಗ್ಗೆ, ಸುಮಾರು ಹತ್ತು ಗಂಟೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಟಾಮಿ ಗಿಡದ ನೆರಳಿನಲ್ಲಿ ನಿದ್ದೆ ಹೋಗಿತ್ತು. ಗೇಟಿನ ಹೊರಗೆ ಯಾರೋ ಬಂದು ನಿಂತಂತಾಯಿತು. ಕಣ್ಣೆತ್ತಿದೆ. ಬಿಸಿಲಿಗೆ ಎದುರಾಗಿದ್ದರಿಂದ ಮುಖ ಕಾಣಲಿಲ್ಲ. ಬಿಳಿ ಪಂಚೆ ಉಟ್ಟ ಒಬ್ಬ ಮುದುಕ. ಗೇಟಿಗೆ ಕೈ ಹಾಕಿರಲಿಲ್ಲ, ಕೂಗಿ ಕರೆದಿರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ, ಸ್ವಲ್ಪ ಓರೆಗೆ, ಕರೆದರೆ ಬರುತ್ತೇನೆ ಎನ್ನುವ ಹಾಗೆ ನಿಂತಿದ್ದ.

"ಟಾಮೀ, ಸುಮ್ನಿರು!" ಅಂದೆ.

ಟಾಮಿ ಧಡಕ್ಕನೆ ಎದ್ದು ಗೇಟಿಗೆ ಎಗರಿ ಬೊಗಳತೊಡಗಿತು.

"ನಾನು ಕಣವ್ವ, ಚಿಕ್ಕಮಾರ," ಅಂದರು ಹೊರಗಿನಿಂದ. "ಮಗಳ ಮದ್ವೆ ಇಟ್ಕಂಡಿವ್ನಿ. ಕಾಗ್ದ ಕೊಡಾವ ಅಂತ ಬಂದೆ."

ಮೊರ ನನ್ನ ಕೈಯಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ನನಗೆ ಅವರ ಮುಖ ಗುರುತು ಸಿಕ್ಕಿರಲಿಲ್ಲ. ಆದರೆ ಆ ನಿಂತ ರೀತಿಯನ್ನು ನಾನು ಗುರುತು ಹಿಡಿದಿದ್ದೆ, ಮುಖಕ್ಕಿಂತ ಮೊದಲು ಅದನ್ನೇ ಹಿಡಿದಿದ್ದೆ. ಅಜ್ಜಿ ತೀರಿಹೋಗಿ ಮೂರು ವರ್ಷವಾಗಿತ್ತು. ಅವಳ ದನಿ ಹಾಗೇ ನನ್ನ ಬಾಯಲ್ಲಿ ಇತ್ತು. ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

"ಈ ನಾಯಿ ಹಾಳಾಗ, ಯಾರು ಬಂದ್ರೂ ಹಿಂಗೇ ಬೊಗಳುತ್ತೆ, ಏನೂ ಅಂದ್ಕೋಬೇಡಿ," ಎಂದು ತೊದಲಿದೆ.

ಚಿಕ್ಕಮಾರಯ್ಯ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಅದನ್ಯಾಕೆ ಬೈತೀಯ ಪುಟ್ಟವ್ವ? ಅದು ಮಲಗಿತ್ತು," ಅಂದರು.

ನಾನು ಎದ್ದು ಗೇಟು ತೆಗೆದೆ. ಒಳಗೆ ಬನ್ನಿ ಅಂದೆ, ಎರಡು ಸಲ ಅಂದೆ. ಟಾಮಿ ಇನ್ನೂ ಬೊಗಳುತ್ತಿತ್ತು. ಮದುವೆಯ ಕಾಗದವನ್ನು ಎದೆಗೆ ಹಿಡಿದುಕೊಂಡು, ಅದು ಸುಸ್ತಾಗಲಿ ಎಂದು ಅವರು ಅಲ್ಲೇ ಹೊರಗೆ ನಿಂತಿದ್ದರು.